ಎಣ್ಣೆಸ್ನಾನದ ಬಾತುಕೋಳಿ

ಆ ಕಾರ್ಟೂನು ಒಂದು ಬಾತುಕೋಳಿಯನ್ನು ಬೇಯಿಸಲು ಹೊರಟ ಕಥೆ ಎಂದು ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೂ ಅದು ದೀಪಾವಳಿಯ ಎಣ್ಣೆಸ್ನಾನದ ಕಥೆ ಎಂದೇ ನಂಬಿಕೊಂಡಿದ್ದೆ. ನಗಬೇಡಿ, ನೀವೂ ನಮ್ಮ ಮನೆಯಲ್ಲಿ ಹುಟ್ಟಿದ್ದರೆ ಹಾಗೇ ನಂಬುತ್ತಿದ್ದಿರಿ. ನನ್ನ ತಂಗಿಯ ಮಗಳಿಗೆ ಹಳೆಯ ಕಾರ್ಟೂನುಗಳ ಹುಚ್ಚು. ನಾನು ಸದಾ ವರ್ಣಿಸುತ್ತಿದ್ದ ಆ ಕಪ್ಪು ಬಿಳುಪು ಚಿತ್ರವನ್ನು ಎಲ್ಲಿಂದಲೋ ಹುಡುಕಿ ತೆಗೆದು, ಲ್ಯಾಪ್‌ಟಾಪನ್ನು ನನ್ನ ಊಟದ ತಟ್ಟೆಯ ಪಕ್ಕಕ್ಕೇ ತಂದಿಟ್ಟು, "ದೊಡ್ಡಮ್ಮ, ಇದೇನಾ ನೋಡಿ. ಹೇಗಿದೆ ಅಂತ ನಿಷ್ಪಕ್ಷಪಾತವಾಗಿ ಹೇಳ್ಬೇಕು, ಬರ್ಕೋತೀನಿ" ಎಂದಳು. ಹತ್ತು ನಿಮಿಷವೂ ಇಲ್ಲದ ಚಿತ್ರ. ಮುಗಿಯುವಷ್ಟರಲ್ಲಿ ನನ್ನ ತಟ್ಟೆಯ ಅನ್ನ ಆರಿಹೋಗಿತ್ತು.

ನಿಷ್ಪಕ್ಷಪಾತವಾಗಿ ಹೇಳುವುದಾದರೆ ಚಿತ್ರ ಕಳಪೆಯಲ್ಲ, ಮಹಾ ಅದ್ಭುತವೂ ಅಲ್ಲ. ಒಬ್ಬ ದಪ್ಪ ಅಡಿಗೆಯ ಹೆಂಗಸು, ಒಂದು ಬಾತುಕೋಳಿ, ಒಲೆಯ ಮೇಲೊಂದು ದೊಡ್ಡ ಹಂಡೆ. ಅವಳು ಅದನ್ನು ಹಂಡೆಗೆ ಹಾಕಬೇಕು, ಅದು ತಪ್ಪಿಸಿಕೊಳ್ಳಬೇಕು, ಕೊನೆಗೆ ಅವಳೇ ಹಂಡೆಗೆ ಬೀಳಬೇಕು. ಓಡುತ್ತಿದ್ದ ಹೆಂಗಸು ಗಕ್ಕನೆ ನಿಂತರೆ ಅವಳ ಹೊಟ್ಟೆ ಮಾತ್ರ ಒಂದು ಗಳಿಗೆ ಮುಂದೆ ಹೋಗಿ ವಾಪಸು ಬರುತ್ತದೆ. ಅದನ್ನು ಬರೆದವನು ಯಾರೋ ದಪ್ಪಗಿದ್ದವರು ಓಡುವುದನ್ನು ಪ್ರೀತಿಯಿಂದಲೇ ನೋಡಿರಬೇಕು. ಆದರೆ ಕತ್ತಿ ಹಿಡಿದು ಮೇಜಿನ ಸುತ್ತ ಓಡಾಡುವ ನಡುವಿನ ಭಾಗ ಅತಿಯಾಯಿತು. ಬ್ಯಾಂಡಿನ ಸಂಗೀತ ಪ್ರತಿ ತಮಾಷೆಗೂ ಮುಂಚೆಯೇ ಬಂದು, ಈಗ ನಗಿ ಎಂದು ಪಕ್ಕೆ ತಿವಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಬಾತುಕೋಳಿಗೆ ಮಾತೇ ಇಲ್ಲ. ಕ್ವಾಕ್ ಎನ್ನುತ್ತದೆ, ಅಷ್ಟೇ. ನನಗೆ ಗೊತ್ತಿದ್ದ ಬಾತುಕೋಳಿ ಬಲು ಮಾತುಗಾರ. ಇಷ್ಟನ್ನೂ ಅವಳು ಬರೆದುಕೊಂಡಳು. "ಮತ್ತೆ ನೀವೆಲ್ಲ ಯಾಕೆ ಬಿದ್ದು ಬಿದ್ದು ನಗ್ತಿದ್ರಿ?" ಎಂದು ಹುಡುಗಿ ಕೇಳಿದಳು. ಅದಕ್ಕೆ ಉತ್ತರ ಹೇಳಲು ನನಗೆ ಇವತ್ತಿಗೂ ಅಳುಕು.

ಎಪ್ಪತ್ತರ ದಶಕದ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದವು. ನಮ್ಮದು ಬಾಡಿಗೆ ಮನೆ. ಮುಂದೆ ಹಾಲು, ಅದರ ಹಿಂದೆ ನಡುಮನೆ, ಆಮೇಲೆ ಅಡಿಗೆಮನೆ, ಹಿತ್ತಲಲ್ಲಿ ಮಸಿ ಹಿಡಿದ ಬಚ್ಚಲು. ಹಾಲಿನ ಮೂಲೆಯಲ್ಲಿ ಅಪ್ಪನ ಪ್ರೊಜೆಕ್ಟರು ಒಂದು ಹಳೇ ಸೀರೆ ಹೊದ್ದುಕೊಂಡು ಕೂತಿರುತ್ತಿತ್ತು. ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯವರು ಹಳೇ ಸಾಮಾನು ಹರಾಜು ಹಾಕಿದಾಗ ತಂದದ್ದು. ಜೊತೆಯ ಡಬ್ಬಿಯಲ್ಲಿ ಈ ಒಂದು ಕಾರ್ಟೂನು ರೀಲೂ ಬಂದಿತ್ತು. ಚಿತ್ರ ಚೆನ್ನಾಗಿ ಬೀಳುತ್ತಿತ್ತು, ಧ್ವನಿ ಮಾತ್ರ ಇಲ್ಲ. ಧ್ವನಿಯನ್ನು ಓದುವ ಪುಟ್ಟ ಬಲ್ಬು ಸುಟ್ಟುಹೋಗಿದೆ, ಅಂಥದ್ದು ಈಗ ಸಿಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. "ಮೂಗ ಮೆಷಿನ್ ತಂದು ಕೂರಿಸ್ಕೊಂಡಿದೀರಿ, ಗುಡಿಸೋಕ್ಕೂ ಜಾಗ ಇಲ್ಲ" ಎಂದು ಅಮ್ಮ ದಿನಾ ಬೆಳಿಗ್ಗೆ ಪೊರಕೆ ಹಿಡಿದು ಗೊಣಗುತ್ತಿದ್ದಳು. ಅಮ್ಮ ಗೊಣಗಿದರೆ ನಡುಮನೆಯಿಂದ ವಿಶಾಲತ್ತೆ ಅದಕ್ಕೊಂದು ಒಗ್ಗರಣೆ ಹಾಕುತ್ತಿದ್ದಳು. ಅಮ್ಮನಿಗೂ ಅತ್ತೆಗೂ ಕಾಫಿ ಡಿಕಾಕ್ಷನ್ನಿನ ವಿಷಯಕ್ಕೆ ಮಾತ್ರ ನಿಜವಾದ ಜಗಳ. ಎರಡನೇ ಡಿಕಾಕ್ಷನ್ ಯಾರ ಲೋಟಕ್ಕೆ ಬಿತ್ತು ಎನ್ನುವುದರ ಮೇಲೆ ಮಧ್ಯಾಹ್ನದವರೆಗೂ ಮಾತು ಬಿಟ್ಟಿರುತ್ತಿದ್ದರು.

ವಿಶಾಲತ್ತೆ ಅಪ್ಪನ ತಂಗಿ. ಮದುವೆಯಾಗಿ ಯಶವಂತಪುರಕ್ಕೆ ಹೋದವಳು ಎರಡು ವರ್ಷ ತುಂಬುವ ಮೊದಲೇ ಗಂಡನನ್ನು ಕಾಮಾಲೆಗೆ ಕಳೆದುಕೊಂಡು ಅಣ್ಣನ ಮನೆಗೆ ವಾಪಸು ಬಂದಿದ್ದಳು. ನಾನಾಗ ತೀರ ಚಿಕ್ಕವಳು, ಆ ಮಾವನ ಮುಖವೂ ನನಗೆ ನೆನಪಿಲ್ಲ. ಕಾರ್ಯಗಳೆಲ್ಲ ಮುಗಿದ ದಿನ ಅವಳ ಅತ್ತೆ ಕಾವೇರಮ್ಮನವರು, "ಇವಳ ಮುಖ ನೋಡಿದ್ರೆ ನನ್ನ ಮಗ ಕಣ್ಮುಂದೆ ಬರ್ತಾನೆ, ನನ್ ಕೈಲಾಗಲ್ಲ, ಕರ್ಕೊಂಡ್ ಹೋಗ್ಬಿಡಿ" ಎಂದರಂತೆ. ಅಪ್ಪ ಆ ಮಾತನ್ನು ಗಂಟು ಹಾಕಿಕೊಂಡುಬಿಟ್ಟರು. ವರ್ಷ ಕಳೆದ ಮೇಲೆ ಆ ತಾಯಿ ಒಂದು ಚೀಲದಲ್ಲಿ ಹಣ್ಣು ಹಿಡಿದು ನಮ್ಮ ಗೇಟಿನವರೆಗೆ ಬಂದಿದ್ದರಂತೆ, ಸೊಸೆಯನ್ನು ನೋಡಬೇಕು ಎಂದು. ಅಪ್ಪ ಗೇಟು ತೆಗೆಯದೆ, ಅವಳು ಮನೆಯಲ್ಲಿಲ್ಲ ಎಂದು ಕಳಿಸಿದರು. ಅತ್ತೆ ಆಗ ಹಿತ್ತಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದಳು, ಎಲ್ಲ ಕೇಳಿಸಿತ್ತು. ಇದನ್ನು ನನಗೆ ಹೇಳಿದ್ದು ಅಮ್ಮ, ಅದೂ ಬಹಳ ಕಾಲದ ಮೇಲೆ, ದನಿ ತಗ್ಗಿಸಿ.

ಆ ರೀಲನ್ನು ಅಪ್ಪ ಮೊದಲ ಸಲ ಹಾಕಿದ್ದು ಹಾಲು ಮತ್ತು ನಡುಮನೆಯ ನಡುವಿನ ಬಾಗಿಲಿಗೆ ತಮ್ಮ ಬಿಳಿ ಪಂಚೆಯನ್ನೇ ಕಟ್ಟಿ. ಅಡಿಗೆಯ ಹೆಂಗಸು ಬಾತುಕೋಳಿಯ ಕತ್ತು ಹಿಡಿದು ಮೈಗೆಲ್ಲ ಬೆಣ್ಣೆ ಸವರತೊಡಗಿದಳು. ಪಕ್ಕದಲ್ಲಿ ಹಂಡೆ ಕುದಿಯುತ್ತಿತ್ತು. ಅಮ್ಮನಿಗೆ ಅರ್ಥವಾಗಿಹೋಯಿತು. "ಏನ್ರೀ ಇದು, ಮಕ್ಕಳ ಮುಂದೆ? ನಮ್ಮನೇಲಿ ಇಂಥದ್ದು ಬೇಡ, ನಿಲ್ಸಿ" ಎಂದಳು. ನಾನು ಅಳುವುದಕ್ಕೆ ಶುರುಮಾಡಿದೆ. ಆಗ ಪಂಚೆಯ ಆಚೆ, ನಡುಮನೆಯ ಕತ್ತಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ ಬಾಯಿ ತೆಗೆದಳು.

"ಅಯ್ಯೋ ಪುಟ್ಟಿ, ಅಳ್ಬೇಡ ಕಣೇ. ಅದು ಎಣ್ಣೆಸ್ನಾನ. ಅವರಮ್ಮ ಎಣ್ಣೆ ಒತ್ತುತಿದಾರೆ. ಇದು ಸೋಮಾರಿ, ಬರಲ್ಲ ಅಂತ ಹಟ ಮಾಡ್ತಿದೆ, ನೋಡು."

ಅಷ್ಟು ಸಾಕಾಯಿತು. ಆಮೇಲೆ ಹೆಂಗಸು ಹಂಡೆಗೆ ಹಾಕಿದ ಕ್ಯಾರೆಟ್ಟೆಲ್ಲ ಸೀಗೆಕಾಯಿಯಾಯಿತು, ಉದುರಿಸಿದ ಉಪ್ಪು ಕಡ್ಲೆಹಿಟ್ಟಾಯಿತು, ಕತ್ತಿ ಹಿಡಿದು ಅಟ್ಟಾಡಿಸಿದ್ದು ಉಗುರು ಕತ್ತರಿಸುವುದಕ್ಕೆ ಎಂದಾಯಿತು. ಹೆಂಗಸಿಗೆ ಅತ್ತೆ ಗಡುಸಾದ ದನಿ ಕೊಟ್ಟಳು. "ಎದ್ದೇಳೋ, ಸೂರ್ಯ ನೆತ್ತಿ ಮೇಲೆ ಬಂದ. ನೀರು ಆರ್‌ಹೋಗುತ್ತೆ. ನಾನ್ ಸತ್ ಮೇಲೆ ಗೊತ್ತಾಗುತ್ತೆ ನಿಂಗೆ." ಬಾತುಕೋಳಿಗೆ ಕೊಟ್ಟದ್ದು ನಿಧಾನದ, ಮೂಗಿನಲ್ಲಿ ಸ್ವಲ್ಪ ಎಳೆಯುವ, ಅತಿ ವಿನಯದ ದನಿ. ಕತ್ತಿಗೆ ಕತ್ತು ಕೊಡುವಾಗಲೂ ಅದು ಕೈಮುಗಿದೇ ಮಾತಾಡುತ್ತಿತ್ತು. "ಅಮ್ಮಾವ್ರೇ, ಕೋಪ ಮಾಡ್ಕೋಬೇಡಿ, ಒಂದ್ ಮಾತ್ ಹೇಳ್ಲಾ?" ಹಂಡೆಯ ಮುಚ್ಚಳ ಎತ್ತಿ ತಲೆ ಹೊರಗೆ ಹಾಕಿದಾಗ, "ಅಮ್ಮಾವ್ರೇ, ನೀರು ಒಂಚೂರು ಬಿಸಿ ಆಯ್ತೇನೋ. ತಪ್ಪಂತಲ್ಲ, ಸುಮ್ನೆ ಹೇಳ್ದೆ." ಕೊನೆಗೆ ಹೆಂಗಸೇ ಹಂಡೆಗೆ ಬಿದ್ದಾಗ, "ಅಮ್ಮಾವ್ರೇ, ನೀವೂ ಮಾಡ್ಕೊಂಬಿಡಿ, ಇಷ್ಟ್ ನೀರು ಯಾಕ್ ದಂಡ." ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಅವಳು ಅತ್ತೆಯ ಯಾವ ಮಾತಿಗಾದರೂ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸುದ್ದಿ ಹರಡಿತು. ನಾಮಕರಣ, ಹುಟ್ಟುಹಬ್ಬ, ಆರತಿ ಎಂದರೆ ಅಪ್ಪನನ್ನು ಕರೆಯತೊಡಗಿದರು. ಮಧ್ಯಾಹ್ನದ ಊಟವಾದ ಮೇಲೆ ಕಿಟಕಿಗಳಿಗೆ ಜಮಖಾನ ಕಟ್ಟಿ ಹಾಲು ಕತ್ತಲೆ ಮಾಡುವುದು, ಬಾಗಿಲಿಗೆ ಪಂಚೆ ಕಟ್ಟುವುದು, ಪಂಚೆಯ ಆಚೆ ಅತ್ತೆ ಕೂರುವುದು. ಶುಭಕಾರ್ಯದಲ್ಲಿ ಗಂಡನಿಲ್ಲದವಳು ಎದುರಿಗೆ ಬರಬಾರದು ಎಂಬುದು ಆಗಿನ ಎಲ್ಲರ ಮನೆಯ ಕಾನೂನು. ನಮ್ಮ ಮನೆಯದೂ ಅದೇ, ಸುಳ್ಳು ಯಾಕೆ ಹೇಳಲಿ. ಅತ್ತೆ ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು, ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದಳು. ಪಂಚೆಯ ಹಿಂದಿನಿಂದ ಅವಳಿಗೆ ಚಿತ್ರ ಎಡ ಬಲ ಅದಲುಬದಲಾಗಿ ಕಾಣುತ್ತಿತ್ತು. ಅವಳು ಆ ಬಾತುಕೋಳಿಯನ್ನು ಸರಿಯಾದ ಕಡೆಯಿಂದ ನೋಡೇ ಇರಲಿಲ್ಲ. ಯಾರಾದರೂ ದನಿ ಎಲ್ಲಿಂದ ಬರುತ್ತೆ ಎಂದು ಕೇಳಿದರೆ ಮೆಷಿನ್ನಿಂದ ಎನ್ನಬೇಕೆಂದು ಅಪ್ಪ ನನಗೆ ಹೇಳಿಕೊಟ್ಟಿದ್ದರು. ಗೊತ್ತಾದರೆ ಇನ್ನು ಅತ್ತೆಯನ್ನು ಕರೆದುಕೊಂಡು ಬರುವ ಹಾಗಿಲ್ಲ. ಹಾಗಾಗಬಾರದು ಎಂದು ನನಗೆ ಜೀವ ಹೊಡೆದುಕೊಳ್ಳುತ್ತಿತ್ತು, ಏಕೆಂದರೆ ಕಾರ್ಟೂನಿನ ದಿನಗಳಲ್ಲಿ ಮಾತ್ರ ಅತ್ತೆ ಬೆಳಿಗ್ಗೆಯೇ ಹಾಡಿಕೊಳ್ಳುತ್ತ ತಲೆ ಬಾಚಿಕೊಳ್ಳುತ್ತಿದ್ದಳು. ಎದುರು ಮನೆಯ ಶಮೀಮ್ ನನ್ನ ಕ್ಲಾಸಿನವಳು. ಒಂದು ಸಲ ನಮ್ಮ ಮನೆಯಲ್ಲೇ ನೋಡಿ, "ಇದು ಅಡಿಗೆ ಕಣೇ, ಸಾರು ಮಾಡ್ತಿದಾರೆ, ನಿಂಗ್ ಅಷ್ಟೂ ಗೊತ್ತಾಗಲ್ವಾ" ಎಂದಳು. ಅವಳ ಜಡೆ ಹಿಡಿದು ಎಳೆದು, ವಾರಗಟ್ಟಲೆ ಮಾತು ಬಿಟ್ಟೆ. ಪಾಪ, ಸರಿಯಾಗಿ ಹೇಳಿದವಳು ಅವಳೊಬ್ಬಳೇ.

ಒಂದು ಸಲ ಯಲಹಂಕದಲ್ಲಿ, ಅಪ್ಪನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ನಾಮಕರಣ. ಹೋಳಿಗೆ ಊಟ ಮುಗಿದು, ಎಲೆ ಅಡಿಕೆಯಾಗಿ, ಹೆಂಗಸರು ಮಕ್ಕಳು ಹಾಲಿನಲ್ಲಿ ಒತ್ತೊತ್ತಾಗಿ ಕೂತೆವು. ದೀಪ ಆರಿಸುವ ಹೊತ್ತಿಗೆ ಒಬ್ಬ ವಯಸ್ಸಾದ ಹೆಂಗಸು ಬಂದು ನನ್ನ ಪಕ್ಕ ಗೋಡೆಗೆ ಒರಗಿದರು. ಅಡಿಗೆಮನೆಯಲ್ಲಿ ಕೊನೆಯ ಪಂಕ್ತಿಗೆ ಬಡಿಸುತ್ತಿದ್ದವರಿರಬೇಕು, ಕೈ ತುಪ್ಪದ ವಾಸನೆ ಬರುತ್ತಿತ್ತು. ಚಿತ್ರ ಶುರುವಾಯಿತು. "ಎದ್ದೇಳೋ, ಸೂರ್ಯ ನೆತ್ತಿ ಮೇಲೆ ಬಂದ" ಎಂದು ಪಂಚೆಯ ಹಿಂದಿನಿಂದ ಗಡಸು ದನಿ ಬಂದಾಗ ಅವರೂ ಎಲ್ಲರ ಜೊತೆ ನಕ್ಕರು. ಬಾತುಕೋಳಿ ಬಾಯಿ ತೆಗೆಯಿತು. ಅಮ್ಮಾವ್ರೇ, ಕೋಪ ಮಾಡ್ಕೋಬೇಡಿ. ನಾನಂತೂ ಪ್ರತಿ ಮಾತನ್ನೂ ಜೊತೆಜೊತೆಗೇ ಹೇಳುತ್ತ ಉರುಳಾಡುತ್ತಿದ್ದೆ. ಪಕ್ಕದ ಅಜ್ಜಿ ನಗು ನಿಲ್ಲಿಸಿದ್ದರು. ನನ್ನ ಮೊಣಕೈ ಹಿಡಿದುಕೊಂಡು ಕಿವಿಯ ಹತ್ತಿರ ಬಗ್ಗಿದರು.

"ಯಾರು ಮಗು ಅದು ಮಾತಾಡ್ತಿರೋದು?"

"ಮೆಷಿನ್ನು" ಎಂದೆ.

ಕೈ ಬಿಡಲಿಲ್ಲ. ಚಿತ್ರ ಮುಗಿಯುವವರೆಗೂ ಹಾಗೇ ಹಿಡಿದುಕೊಂಡಿದ್ದರು. ದೀಪ ಹಾಕಿದರು. ಮಕ್ಕಳು ಎಂದಿನಂತೆ ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಕೂಗುತ್ತಿದ್ದವು. ಆ ಅಜ್ಜಿ ಗೋಡೆ ಹಿಡಿದು ಎದ್ದು ಪ್ರೊಜೆಕ್ಟರಿನ ಹತ್ತಿರ ಹೋದರು. ಅವರ ಮುಖ ನೋಡಿದ್ದೇ ಅಪ್ಪ ರೀಲನ್ನು ಬಿಚ್ಚಿ ಡಬ್ಬಿಗೆ ಹಾಕತೊಡಗಿದರು. ಅವರೇ ಕಾವೇರಮ್ಮನವರು, ವಿಶಾಲತ್ತೆಯ ಅತ್ತೆ; ಆ ಮನೆಯವರ ಕಡೆಯ ನೆಂಟರು ಎಂದು ನಮಗೆ ಗೊತ್ತಿರಲಿಲ್ಲ.

"ಆ ಬಾತುಕೋಳಿ ಮಾತಾಡುತ್ತಲ್ಲ, ಅದನ್ನ ಇನ್ನೊಂದ್ಸಲ ಕೇಳಿಸ್ತೀರಾ ಸ್ವಾಮಿ?" ಎಂದರು. "ನನ್ ಮಗ ನನ್ನ ಹಂಗೇ ಕರೀತಿದ್ದ. ಅಮ್ಮಾವ್ರೇ ಅಂತ."

ಅಪ್ಪ ಅವರ ಕಡೆ ನೋಡದೆ, "ಆಗಲ್ಲ ಅಮ್ಮ, ಬಲ್ಬು ಕಾದಿದೆ. ಇವತ್ತಿಗೆ ಇಷ್ಟೇ" ಎಂದರು. ಗೇಟಿನ ಹತ್ತಿರ ಹೇಳಿದ ಸುಳ್ಳಿಗೆ ಇನ್ನೊಂದು ಸೇರಿತು. ಕಾವೇರಮ್ಮ ಹೋಗಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಅಲ್ಲೇ ನಿಂತಿದ್ದರು. ಅಷ್ಟರಲ್ಲಿ ಪಂಚೆಯ ಹಿಂದಿನಿಂದ ಅತ್ತೆಯ ಸ್ವಂತ ದನಿ ಕೇಳಿಸಿತು.

"ಹಾಕಣ್ಣ."

ಹಾಲಿನಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಅತ್ತೆ ಪಂಚೆಯ ಅಂಚು ಸರಿಸಿ ಈಚೆ ಬಂದಳು. ಬೋಳು ಹಣೆ, ಕಂದುಬಣ್ಣದ ನೂಲಿನ ಸೀರೆ, ಆಗತಾನೆ ತೊಟ್ಟಿಲಿಗೆ ಆರತಿಯಾದ ಮನೆ. ಯಾರೋ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಅಪ್ಪ ತಲೆ ಎತ್ತಲಿಲ್ಲ. ಅತ್ತೆ ನೇರ ಬಂದು ನನ್ನನ್ನು ಆಚೆ ಸರಿಸಿ ಗೋಡೆಯ ಹತ್ತಿರ ಕೂತಳು, ಕಾವೇರಮ್ಮನವರು ಅವಳ ಪಕ್ಕ ಕೂತರು. ಅಪ್ಪ ದೀಪ ಆರಿಸಿ ರೀಲು ಬಿಟ್ಟರು.

ಅಡಿಗೆಯ ಹೆಂಗಸು ಬಂದಳು, ಬಾಯಿ ಆಡಿಸಿದಳು. ಅತ್ತೆ ಮಾತೇ ಆಡಲಿಲ್ಲ. ಆ ಮಾತುಗಳನ್ನು ಕೊನೆಯವರೆಗೂ ಬಿಟ್ಟೇಬಿಡುತ್ತಾಳೇನೋ ಎಂದುಕೊಂಡೆ. ಆಗ ಪಕ್ಕದಿಂದ ಕಾವೇರಮ್ಮ, "ಎದ್ದೇಳೋ" ಎಂದರು. ನಿಲ್ಲಿಸಿ, ಗಂಟಲು ಸರಿ ಮಾಡಿಕೊಂಡು, "ಎದ್ದೇಳೋ, ನೀರು ಆರ್‌ಹೋಗುತ್ತೆ" ಎಂದರು. ಅತ್ತೆಗಿಂತ ಚೆನ್ನಾಗಿ ಬಂತು, ಬರದೆ ಏನು, ಅವರದೇ ಮಾತು. ಅತ್ತೆ ಬಾತುಕೋಳಿಯ ದನಿಯಲ್ಲಿ ಉತ್ತರ ಕೊಟ್ಟಳು. "ಅಮ್ಮಾವ್ರೇ, ಕೋಪ ಮಾಡ್ಕೋಬೇಡಿ, ಒಂದ್ ಮಾತ್ ಹೇಳ್ಲಾ?" "ಹೇಳೋ" ಎಂದರು ಆ ತಾಯಿ. ಚಿತ್ರದಲ್ಲಿ ಹೆಂಗಸು ಕತ್ತಿ ಹಿಡಿದು ಓಡಿದರೆ ಇವರು ಬೈದರು, ಹಂಡೆ ಕುದಿದರೆ ಇವರು ಗದರಿದರು, ಅದು ತಪ್ಪಿಸಿಕೊಂಡಾಗಲೆಲ್ಲ ಸೋಮಾರಿ, ತರಲೆ ಎಂದರು. ಮಕ್ಕಳೆಲ್ಲ ಹೊಟ್ಟೆ ಹಿಡಿದು ನಕ್ಕವು. ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವಳು ನಾನು. ಅಷ್ಟು ಚೆನ್ನಾಗಿ ಆ ಚಿತ್ರ ಯಾವತ್ತೂ ಆಗಿರಲಿಲ್ಲ. ಹೆಂಗಸು ಹಂಡೆಗೆ ಬಿದ್ದಳು. "ಅಮ್ಮಾವ್ರೇ, ನೀವೂ ಮಾಡ್ಕೊಂಬಿಡಿ" ಎಂದಳು ಅತ್ತೆ. ಅದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಕಾವೇರಮ್ಮ ಉತ್ತರ ಕೊಟ್ಟರು.

"ನಂದ್ ಇರ್ಲಿ ಕಂದ. ನೀನ್ ಬಾ, ತಲೆ ಒರೆಸ್ತೀನಿ."

ರೀಲಿನ ತುದಿ ಚಟಪಟ ಹೊಡೆದುಕೊಳ್ಳುತ್ತಿತ್ತು, ಅಪ್ಪ ಅದನ್ನು ನಿಲ್ಲಿಸುವುದನ್ನೂ ಮರೆತಿದ್ದರು. ದೀಪ ಹಾಕಿದಾಗ ಆ ತಾಯಿ ಅತ್ತೆಯ ಭುಜಕ್ಕೆ ಮುಖ ಒತ್ತಿಕೊಂಡಿದ್ದರು. ನಾನು ಇನ್ನೂ ನಗುತ್ತಿದ್ದೆ. ಅಮ್ಮ ದೂರದಿಂದಲೇ ನನಗೆ ಕಣ್ಣು ಬಿಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಹೇಳಿದಳು, ಅದು ನಿನ್ನ ಮಾವನ ದನಿಯಂತೆ ಕಣೇ, ನಮಗೂ ಗೊತ್ತಿರಲಿಲ್ಲ ಎಂದು. ಅಪ್ಪ ಹೆಬ್ಬಾಳ ಬರುವವರೆಗೂ ಕಿಟಕಿಯ ಆಚೆ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ತಂಗಿಯನ್ನು ಯಶವಂತಪುರಕ್ಕೆ ತಾವೇ ಕರೆದುಕೊಂಡು ಹೋಗಿ ಬಿಟ್ಟು ಬಂದರು, ನಾಲ್ಕು ದಿನ ಇದ್ದು ಬಾ ಎಂದು. ಆಮೇಲೆ ಹಬ್ಬ ಹುಣ್ಣಿಮೆಗೆ ಅವಳು ಹೋಗಿ ಬಂದು ಮಾಡುತ್ತಿದ್ದಳು. ಅಪ್ಪ ಮಾತ್ರ ಆ ಪ್ರೊಜೆಕ್ಟರನ್ನು ಮತ್ತೆ ಮುಟ್ಟಲಿಲ್ಲ. ನನ್ನ ಪಾಡು ಬೇರೆ. ಅದಕ್ಕೂ ಮುಂಚೆ ಎಷ್ಟೋ ದಿನ ಅತ್ತೆಯ ಬೆನ್ನ ಹಿಂದೆ ಹೋಗಿ, ಆ ದನಿಯಲ್ಲಿ ಅಮ್ಮಾವ್ರೇ ಎಂದು ಕರೆದಿದ್ದೆ. ಕರೆದಾಗಲೆಲ್ಲ ಅವಳು ಕೈಯಲ್ಲಿದ್ದುದನ್ನು ಬಿಟ್ಟು ತಟ್ಟನೆ ತಿರುಗುತ್ತಿದ್ದಳು. ನನಗದು ಆಟವಾಗಿತ್ತು. ಈಗ ಆ ತಿರುಗುವುದು ಏನೆಂದು ಗೊತ್ತಾಗಿ ಅವಳ ಎದುರಿಗೆ ನಿಲ್ಲಲು ಆಗುತ್ತಿರಲಿಲ್ಲ. ಯಾರದೋ ಮನೆಯ ಸತ್ತ ಮಗನನ್ನು ಊರೆಲ್ಲ ಸೇರಿ ಆಡಿಕೊಂಡು ನಕ್ಕಂತೆ, ಅದರಲ್ಲೂ ನಾನೇ ಮುಂದೆ ನಿಂತು ನಕ್ಕಂತೆ ಅನಿಸುತ್ತಿತ್ತು. ಶಾಲೆಯಲ್ಲಿ ಯಾರಾದರೂ ತಮಾಷೆ ಮಾಡಿದರೂ ನಗುವ ಮುಂಚೆ, ಇದು ಯಾರ ಮಾತು ಎಂದು ಯೋಚನೆ ಬರುತ್ತಿತ್ತು. ಆ ಚಾಳಿ ಇವತ್ತಿಗೂ ಹೋಗಿಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಅತ್ತೆ ನಡುಮನೆಯಲ್ಲಿ ಹುಣಿಸೆಹಣ್ಣು ಬಿಡಿಸುತ್ತಿದ್ದಾಗ ಹೋಗಿ ಹತ್ತಿರ ಕೂತೆ.

"ಅತ್ತೆ, ನಾನು ತುಂಬ ನಕ್ಬಿಟ್ಟೆ. ನಂಗ್ ಗೊತ್ತಿರ್ಲಿಲ್ಲ."

"ನಗ್ಲಿ ಅಂತಲೇ ತಾನೇ ಮಾಡಿದ್ದು" ಎಂದಳು.

"ಆದ್ರೂ ತಪ್ಪಲ್ವಾ?"

ಅವಳು ಒಂದು ಬೀಜ ಬಿಡಿಸಿ ಪಕ್ಕಕ್ಕಿಟ್ಟಳು. ಆಮೇಲೆ, ನನಗಲ್ಲ ಎನ್ನುವ ಹಾಗೆ, ತಟ್ಟೆಯನ್ನೇ ನೋಡುತ್ತ ಹೇಳಿದಳು.

"ಅವರು ಅವರಮ್ಮನ ಹತ್ರ ಹಂಗ್ ಮಾತಾಡ್ತಿದ್ದಿದ್ದು ನನ್ನ ನಗಿಸೋಕೆ. ಮಾತ್ ಹೇಳಿ ಬಾಗಿಲ ಹತ್ರ ನಿಂತಿದ್ದ ನನ್ನ ಕಡೆ ನೋಡೋರು. ನಂಗೆ ನಗು ಉಕ್ಕುಕ್ಕಿ ಬರೋದು. ಹೊಸಾ ಸೊಸೆ, ಅತ್ತೆ ಮುಂದೆ ನಕ್ರೆ ಏನಂದ್ಕೋತಾರೋ ಅಂತ ಮುಖ ಗಂಟ್ ಹಾಕ್ಕೊಂಡು ಒಳಗೆ ಹೋಗ್ಬಿಡ್ತಿದ್ದೆ. ಒಂದ್ಸಲಾನೂ ಅವರ ಮುಂದೆ ನಗ್ಲಿಲ್ಲ ಕಣೇ ಪುಟ್ಟಿ. ಇವಳಿಗೆ ನನ್ ಮಾತು ಹಿಡಿಸಲ್ಲ ಅಂದ್ಕೊಂಡೇ ಹೋದ್ರು."